ಇನ್ನೂರು ರೂಪಾಯಿಗೆ ಅಕ್ಷರ ಬಂದೀತೆ?

ಕಲಬುರಗಿಯ ಸೇಡಂ ರಸ್ತೆ ವಿದ್ಯಾವಂತರ ರಸ್ತೆ. ಇಎಸ್‌ಐ ವೈದ್ಯಕೀಯ ಕಾಲೇಜಿನ ವಿಶಾಲ ಕಟ್ಟಡ, 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ, ಎಲ್ಲವೂ ಇದೇ ಹಾದಿಯಲ್ಲಿವೆ. ಹಾಗೆಯೇ ಮುಂದೆ ಸಾಗಿದರೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ. ಓದದೆಯೂ ಕಾವ್ಯದ ಮರ್ಮ ಬಲ್ಲವರೆಂದು ‘ಕವಿರಾಜಮಾರ್ಗ’ ಈ ನಾಡಿನ ಜನರನ್ನು ಮೆಚ್ಚಿಕೊಂಡದ್ದು ಆ ಆಸ್ಥಾನದಲ್ಲಿ. ಆ ಮೆಚ್ಚುಗೆಯನ್ನು ಸಭೆ ಸಮಾರಂಭಗಳಲ್ಲಿ ತಪ್ಪದೆ ಸ್ಮರಿಸುವ ನಾವು, ಅದೇ ಸೀಮೆಯಲ್ಲಿ ಬ್ಯಾಂಕಿನ ಪಾಸ್‌ಬುಕ್ ಓದಲಾಗದ ಹೆಣ್ಣುಮಕ್ಕಳು ಎಷ್ಟಿದ್ದಾರೆ ಎಂಬ ಪ್ರಶ್ನೆಯನ್ನು ಮಾತ್ರ ಎತ್ತುವುದಿಲ್ಲ.

2011ರ ಜನಗಣತಿಯಂತೆ ಕಲಬುರಗಿ ಜಿಲ್ಲೆಯ ಸಾಕ್ಷರತೆ ಶೇ 64.85, ಮಹಿಳೆಯರದು ಶೇ 55.09. ಅದೇ ವರ್ಷ ರಾಜ್ಯದ ಸರಾಸರಿ ಶೇ 75.36. 2001ರಲ್ಲಿ ಜಿಲ್ಲೆಯ ಪ್ರಮಾಣ ಶೇ 50ರಷ್ಟಿತ್ತಾದ್ದರಿಂದ ಹತ್ತು ವರ್ಷಗಳಲ್ಲಿ ಭಾರೀ ಪ್ರಗತಿಯಾಯಿತೆಂದು ವೇದಿಕೆಗಳಲ್ಲಿ ಹೇಳುವುದುಂಟು. ಆದರೆ 2001ರ ಅಂಕಿ ಯಾದಗಿರಿ ಸೇರಿದ್ದ ಅವಿಭಜಿತ ಜಿಲ್ಲೆಯದು. 2009ರ ಕೊನೆಯಲ್ಲಿ ಯಾದಗಿರಿ ಬೇರೆಯಾಯಿತು. 2011ರಲ್ಲಿ ಅಲ್ಲಿನ ಸಾಕ್ಷರತೆ ಶೇ 51.83 ಮಾತ್ರ. ಅಂದರೆ ಪ್ರಗತಿಯ ಒಂದು ಪಾಲು ನಕಾಶೆಯ ಗೆರೆ ಬದಲಾದದ್ದರ ಫಲ. ಗಡಿ ಗುರುತಿಸಿ ಸಾಕ್ಷರತೆ ಹೆಚ್ಚಿಸುವ ಈ ಸುಲಭೋಪಾಯ ಅರ್ಥಶಾಸ್ತ್ರದ ಯಾವ ಪಠ್ಯದಲ್ಲೂ ಇರಲಿಲ್ಲ.

ವಯಸ್ಕರ ಶಿಕ್ಷಣಕ್ಕೆ ಸರ್ಕಾರ ಹಣ ನೀಡುತ್ತಲೇ ಬಂದಿದೆ. 1988ರ ರಾಷ್ಟ್ರೀಯ ಸಾಕ್ಷರತಾ ಮಿಷನ್, ತೊಂಬತ್ತರ ದಶಕದ ಸಂಪೂರ್ಣ ಸಾಕ್ಷರತಾ ಆಂದೋಲನ, 2009ರ ಸೆಪ್ಟೆಂಬರ್ 8ರಂದು ಆರಂಭವಾದ ‘ಸಾಕ್ಷರ ಭಾರತ’ – ಹೆಸರುಗಳು ಬದಲಾದವು. ಇವುಗಳಲ್ಲಿ ‘ಸಾಕ್ಷರ ಭಾರತ’ದ ಒಂದು ಅಂಶವನ್ನು ವಿಶೇಷವಾಗಿ ನೆನೆಯಬೇಕು. ಪ್ರತಿ ಗ್ರಾಮ ಪಂಚಾಯಿತಿಗೆ ಒಂದು ಲೋಕ ಶಿಕ್ಷಣ ಕೇಂದ್ರ, ಅದಕ್ಕೆ ಇಬ್ಬರು ಪ್ರೇರಕರು, ತಲಾ ಎರಡು ಸಾವಿರ ರೂಪಾಯಿ ಮಾಸಿಕ ಗೌರವಧನ. ಮೊತ್ತ ತೀರಾ ಕಡಿಮೆ, ನಿಜ. ಆದರೂ ಊರಿನಲ್ಲಿ ‘ಇದು ನನ್ನ ಕೆಲಸ’ ಎನ್ನುವ ಒಬ್ಬರಿದ್ದರು. ಕಲಿಕೆಗೆ ಬಾರದ ಹೆಂಗಸಿನ ಮನೆಗೆ ಹೋಗಿ, ‘ಯಾಕ ಅಕ್ಕ, ಮೂರು ದಿನ ಆತು ಬಂದಿಲ್ಲ’ ಎಂದು ಕೇಳುವುದು ಅವರ ಕರ್ತವ್ಯವಾಗಿತ್ತು. 2018ರ ಮಾರ್ಚ್ 31ಕ್ಕೆ ಆ ಯೋಜನೆ ಮುಗಿಯಿತು, ಕೇಂದ್ರದ ಗೌರವಧನವೂ ನಿಂತಿತು.

ಈಗಿನ ‘ಉಲ್ಲಾಸ್’ ಅಥವಾ ನವ ಭಾರತ ಸಾಕ್ಷರತಾ ಕಾರ್ಯಕ್ರಮಕ್ಕೆ 2022ರಿಂದ 2027ರವರೆಗೆ ನಿಗದಿಯಾದ ಮೊತ್ತ 1,037.90 ಕೋಟಿ ರೂಪಾಯಿ. ಇದರಲ್ಲಿ ಕೇಂದ್ರದ ಪಾಲು 700 ಕೋಟಿ, ಉಳಿದದ್ದು ರಾಜ್ಯಗಳದು. ಗುರಿ ಐದು ಕೋಟಿ ಜನ. ಭಾಗಿಸಿ ನೋಡಿದರೆ ತಲೆಗೆ ಇನ್ನೂರ ಏಳು ರೂಪಾಯಿ ಚಿಲ್ಲರೆ. ಪಠ್ಯ, ಪರೀಕ್ಷೆ, ಪ್ರಚಾರ, ಮೇಲ್ವಿಚಾರಣೆ ಎಲ್ಲವೂ ಇದರಲ್ಲೇ ಆಗಬೇಕು. ಏಳು ಕೋಟಿ ಜನರಿಗಾಗಿ ಸುಮಾರು 6,500 ಕೋಟಿ ಅಂದಾಜಿಸಿದ್ದ ‘ಸಾಕ್ಷರ ಭಾರತ’ ಹದಿನೈದು ವರ್ಷಗಳ ಹಿಂದಿನ ಬೆಲೆಯಲ್ಲೇ ತಲೆಗೆ ಒಂಬೈನೂರು ರೂಪಾಯಿಗೂ ಮಿಗಿಲಾಗಿ ಲೆಕ್ಕ ಹಾಕಿತ್ತು.

ಇಷ್ಟು ಕಡಿಮೆ ಹಣದಲ್ಲಿ ಕೆಲಸ ಸಾಗಬೇಕಾದರೆ ಕಲಿಸುವವರು ಸಂಭಾವನೆಯಿಲ್ಲದ ಸ್ವಯಂಸೇವಕರೇ ಆಗಬೇಕು. ಸಮೀಕ್ಷೆಯಲ್ಲಿ ಅನಕ್ಷರಸ್ಥರನ್ನು ಗುರುತಿಸುವುದು, ಮೊಬೈಲ್ ಆ್ಯಪ್‌ನಲ್ಲಿ ಹೆಸರು ನೋಂದಾಯಿಸುವುದು, ಸ್ವಯಂಸೇವಕರೊಂದಿಗೆ ಜೋಡಿಸುವುದು, ಕೊನೆಗೆ 150 ಅಂಕಗಳ ಪರೀಕ್ಷೆ – ಇದು ಕ್ರಮ. ನೋಂದಣಿಯನ್ನು ದಿನದಿನವೂ ಎಣಿಸಬಹುದು, ಜಿಲ್ಲೆ ಜಿಲ್ಲೆಗಳ ನಡುವೆ ಹೋಲಿಸಬಹುದು. ಕಲಿಕೆಯನ್ನು ಹಾಗೆ ಎಣಿಸಲಾಗದು. ಆಡಳಿತದಲ್ಲಿ ದುಡಿದ ಯಾರಿಗಾದರೂ ಗೊತ್ತಿರುವ ಮಾತಿದು: ಮೇಲಿನ ಕಚೇರಿ ಯಾವ ಕಲಮನ್ನು ಕೇಳುತ್ತದೆಯೋ ಕೆಳಗಿನ ಕಚೇರಿ ಆ ಕಲಮನ್ನು ತುಂಬುತ್ತದೆ.

ಈ ಲೆಕ್ಕ ನೆಲದ ಮೇಲೆ ಹೇಗೆ ಕಾಣುತ್ತದೆಂಬುದಕ್ಕೆ ಸೇಡಂ ರಸ್ತೆ ಬಿಟ್ಟು ಹುಮನಾಬಾದ್ ಹಾದಿ ಹಿಡಿಯಬೇಕು. ಅಲ್ಲಿರುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು; 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು. ಸುತ್ತಲಿನ ಹಳ್ಳಿ, ತಾಂಡಾಗಳಲ್ಲಿ ಮುಂಗಾರಿನಿಂದ ದೀಪಾವಳಿಯವರೆಗೆ ಹೆಂಗಸರಿಗೆ ಕಳೆ, ಕೊಯ್ಲಿನ ಕೆಲಸ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ. ಅದು ಮುಗಿದೊಡನೆ ಭೂಮಿಯಿಲ್ಲದವರು ಮುಂಬೈ, ಪುಣೆ, ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಮರಳುವುದು ಮಿರ್ಗದ ಮಳೆಯ ಹೊತ್ತಿಗೆ. ಪ್ರಮುಖ ಸಾಕ್ಷರತಾ ಪರೀಕ್ಷೆ ನಡೆಯುವುದು ಮಾರ್ಚ್ ತಿಂಗಳಲ್ಲಿ. ಅನುದಾನದ ಕೊನೆಯ ಕಂತು ಬಂದು, ಬಳಕೆ ಪ್ರಮಾಣಪತ್ರಕ್ಕೆ ಅವಸರವಾಗುವುದೂ ಆಗಲೇ. ಅತಿ ಹೆಚ್ಚು ಅಗತ್ಯವಿರುವವರು ಊರಲ್ಲಿಲ್ಲದ ತಿಂಗಳಲ್ಲೇ ನಾವು ಅವರನ್ನು ಪರೀಕ್ಷೆಗೆ ಕರೆಯುತ್ತೇವೆ! ಜೊತೆಗೆ ಭಾಷೆಯ ಪ್ರಶ್ನೆ. ತಾಂಡಾದಲ್ಲಿ ಲಂಬಾಣಿ, ಸೇಡಂ ಕಡೆ ತೆಲುಗು, ನಗರದಲ್ಲಿ ಉರ್ದು ಆಡುವವರು ಅಪಾರ. ಆಡದ ಭಾಷೆಯಲ್ಲಿ ಅಕ್ಷರ ಕಲಿಯುವವರಿಗೆ ದುಪ್ಪಟ್ಟು ಸಮಯ ಬೇಕು. ಆ್ಯಪ್ ಇದನ್ನು ಅರಿಯದು.

‘ಶಾಲೆಗೆ ಹೋದ ಪೀಳಿಗೆ ಬೆಳೆಯುತ್ತಿದೆ, ಅನಕ್ಷರತೆ ತಾನಾಗಿಯೇ ತೀರುತ್ತದೆ, ವಯಸ್ಕರ ಮೇಲೆ ಹಣವೇಕೆ’ ಎಂಬ ವಾದವನ್ನು ಹಣಕಾಸು ವಿಭಾಗಗಳಲ್ಲಿ ಗಂಭೀರವಾಗಿಯೇ ಮಂಡಿಸಲಾಗುತ್ತದೆ. ಅಂಕಗಣಿತದ ದೃಷ್ಟಿಯಿಂದ ಇದು ತಪ್ಪಲ್ಲ. ಆದರೆ 2011ರಲ್ಲಿ ಇಪ್ಪತ್ತೈದು ವರ್ಷದ ಅನಕ್ಷರಸ್ಥೆಯಾಗಿದ್ದವಳಿಗೆ ಈಗ ನಲವತ್ತು. ಇನ್ನೂ ಮೂವತ್ತು ವರ್ಷ ಆಕೆ ಸಂಘದ ಸಾಲ, ಆಸ್ಪತ್ರೆಯ ಚೀಟಿ, ಮೊಬೈಲಿಗೆ ಬರುವ ಸಂದೇಶಗಳೊಂದಿಗೆ ವ್ಯವಹರಿಸಬೇಕು. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದ ಮೇಲೆ ತಿಂಗಳಿಗೆ ಎರಡು ಸಾವಿರ ಆಕೆಯ ಖಾತೆಗೆ ಸೇರಬೇಕು. ಸೇರಿತೋ ಇಲ್ಲವೋ, ಹೆಬ್ಬೆಟ್ಟು ಒತ್ತಿಸಿಕೊಂಡವನು ಎಷ್ಟು ತೆಗೆದು ಎಷ್ಟು ಕೊಟ್ಟ ಎಂಬುದನ್ನು ಆಕೆ ಮತ್ತೊಬ್ಬರ ಬಾಯಿಂದ ಕೇಳಬೇಕಾಗಿದೆ. ನೇರ ನಗದು ವರ್ಗಾವಣೆಯ ಈ ಕಾಲದಲ್ಲಿ ಅಕ್ಷರವೇ ಲೆಕ್ಕಪರಿಶೋಧನೆ.

ಹಣವಿಲ್ಲವೆಂಬ ಮಾತನ್ನು ಈ ಭಾಗದಲ್ಲಿ ಹೇಳುವಂತಿಲ್ಲ. 371(ಜೆ) ವಿಧಿಯ ಫಲವಾಗಿ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರಲ್ಲಿ ಘೋಷಣೆಯಾದದ್ದು 5,000 ಕೋಟಿ ರೂಪಾಯಿ. ಅನುದಾನದ ಹೆಚ್ಚಿನಂಶ ರಸ್ತೆ, ಕಟ್ಟಡಗಳಿಗೆ ಹೋಗುವುದು ರೂಢಿ. ಅವುಗಳ ಮುಂದೆ ನಾಮಫಲಕ ನಿಲ್ಲಿಸಬಹುದು. ಕಲಬುರಗಿ ಜಿಲ್ಲೆಯಲ್ಲಿ ಸುಮಾರು 260 ಗ್ರಾಮ ಪಂಚಾಯಿತಿಗಳಿವೆ. ಪ್ರತಿಯೊಂದಕ್ಕೂ ಇಬ್ಬರು ಪ್ರೇರಕಿಯರನ್ನು ನೇಮಿಸಿ, ತಿಂಗಳಿಗೆ ಎರಡು ಸಾವಿರದ ಬದಲು ಹತ್ತು ಸಾವಿರ ಕೊಟ್ಟರೂ ವರ್ಷಕ್ಕೆ ತಗಲುವುದು ಆರೂಕಾಲು ಕೋಟಿ. ಮಂಡಳಿಯ ನೂರು ರೂಪಾಯಿಯಲ್ಲಿ ಹನ್ನೆರಡೂವರೆ ಪೈಸೆ. ಏಳೂ ಜಿಲ್ಲೆಗಳಿಗೆ ವಿಸ್ತರಿಸಿದರೂ ನೂರಕ್ಕೆ ಒಂದು ರೂಪಾಯಿ ಮೀರಲಾರದು.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು ನಿಗದಿಯಾಗಿದೆ. ಗಣತಿದಾರರು ಪರೀಕ್ಷೆ ನಡೆಸುವುದಿಲ್ಲ. ಓದು ಬರಹ ಬರುತ್ತದೆಯೇ ಎಂದು ಮನೆಯವರನ್ನು ಕೇಳಿ ಬರೆದುಕೊಳ್ಳುತ್ತಾರೆ. ಆ್ಯಪ್‌ನಲ್ಲಿ ಹೆಸರಿರುವವರೆಲ್ಲ ಅಂದು ಏನೆಂದು ಉತ್ತರಿಸುತ್ತಾರೋ ನೋಡಬೇಕು. ಅವರಲ್ಲಿ ಎಷ್ಟೋ ಮಂದಿ ಆ ಹೊತ್ತಿಗೆ ಪುಣೆಯಲ್ಲೋ ಹೈದರಾಬಾದಿನಲ್ಲೋ ಇಟ್ಟಿಗೆ ಹೊರುತ್ತಿರುತ್ತಾರೆ.