ಸುಗ್ಗಿಯ ನಂತರದ ರಂಗಸುಗ್ಗಿ: ಹಳ್ಳಿಯ ನಾಟಕ ಮಂಡಳಿಗೊಂದು ಆಯವ್ಯಯ

ವಾಣಿಜ್ಯ ಮಂಡಳಿಯ ಮಾಸಪತ್ರಿಕೆಯಲ್ಲಿ ನಾಟಕದ ಮಾತೇಕೆ ಎಂದು ಕೆಲವು ಓದುಗರಿಗೆ ಅನಿಸಬಹುದು. ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳ ವರ್ತಕರಿಗಂತೂ ಇದು ಅಪರಿಚಿತ ವಿಷಯವಲ್ಲ. ಶೇಂಗಾ ಮಾರುಕಟ್ಟೆಗೆ ಬಂದು ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದೊಡನೆ, ಹಳ್ಳಿಯ ಹಿರಿಯರು ರಸೀದಿ ಪುಸ್ತಕ ಹಿಡಿದು ಅಂಗಡಿಯ ಮೆಟ್ಟಿಲೇರುತ್ತಾರೆ. ಎಣ್ಣೆ ಗಿರಣಿಯವರು, ಮಂಡಿ ವರ್ತಕರು, ರೇಷ್ಮೆ ಸೀರೆಯ ವ್ಯಾಪಾರಿಗಳು ಯಥಾಶಕ್ತಿ ಕೊಟ್ಟು ಕಳುಹಿಸುತ್ತಾರೆ. ಆ ಹಣ ಎಲ್ಲಿಗೆ ಹೋಗುತ್ತದೆ, ಯಾರ ಕೈ ಸೇರುತ್ತದೆ, ಯಾರ ಕೈ ಸೇರದೆ ಉಳಿಯುತ್ತದೆ ಎಂಬುದನ್ನು ಬರುವ ರಂಗಋತುವಿಗೆ ಮುನ್ನ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಎರಡು ಪರಂಪರೆಗಳ ನಡುವಿನ ನಾಡು

ನಮ್ಮ ಭಾಗದ ಹಳ್ಳಿಗಳಲ್ಲಿ ನಾಟಕವೆಂದರೆ ಮೊದಲಿಗೆ ಸಂಗೀತ. ಮಾತಿನಷ್ಟೇ, ಕೆಲವೊಮ್ಮೆ ಮಾತಿಗಿಂತ ಹೆಚ್ಚಾಗಿ ಹಾಡು ಇಲ್ಲಿ ಕಥೆಯನ್ನು ನಡೆಸುತ್ತದೆ. ಇದಕ್ಕೆ ಚಾರಿತ್ರಿಕ ಕಾರಣವಿದೆ. ಹಿಂದಿನ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಮೊಳಕಾಲ್ಮುರು, ಮದರಾಸು ಪ್ರಾಂತ್ಯದ ಬಳ್ಳಾರಿ ಮತ್ತು ರಾಯದುರ್ಗ ಸೀಮೆಗಳ ಅಂಚಿನಲ್ಲಿತ್ತು. ದಕ್ಷಿಣದಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಿತ್ತು. ಗುಬ್ಬಿ ವೀರಣ್ಣನವರ ಕಾಲದಲ್ಲಿ ಅದು ನಾಡಿನಾದ್ಯಂತ ಮನೆಮಾತಾಯಿತು. ಉತ್ತರದ ಬಳ್ಳಾರಿಯಲ್ಲಿ ವಕೀಲರಾಗಿದ್ದ ಧರ್ಮವರಂ ರಾಮಕೃಷ್ಣಾಚಾರ್ಯರು (1853–1912) ಸರಸ ವಿನೋದಿನಿ ಸಭೆಯನ್ನು ಕಟ್ಟಿ ತೆಲುಗು ರಂಗಭೂಮಿಗೆ ಹಾಡು-ಪದ್ಯಗಳ ಮೆರುಗು ತಂದರು. ಅದೇ ಊರಿನ ಇನ್ನೊಬ್ಬ ವಕೀಲರಾದ ಬಳ್ಳಾರಿ ರಾಘವ (1880–1946) ಮಹಾನಟರೆನಿಸಿದರು. ವೃತ್ತಿಯೊಂದನ್ನು ನಡೆಸುತ್ತಲೇ ಹವ್ಯಾಸವಾಗಿ ರಂಗವನ್ನು ಪೋಷಿಸಿದ ಇಂಥವರ ಮಾದರಿ ನಮ್ಮ ನೆರೆಯಲ್ಲೇ ಇತ್ತು. ಬಯಲಾಟದ ನೆಲವಾದ ಇಲ್ಲಿ ಈ ಎರಡೂ ಪರಂಪರೆಗಳು ಬೆರೆತವು. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯಂಥ ಪೌರಾಣಿಕ ನಾಟಕಗಳನ್ನು ಹಳ್ಳಿಯ ಹವ್ಯಾಸಿಗಳು ಇಂದಿಗೂ ಆಡುವುದರ ಹಿಂದೆ ಈ ಹಿನ್ನೆಲೆಯಿದೆ.

ಋತುವಿನ ಕ್ರಮ

ಹಳ್ಳಿಯ ರಂಗಋತುವನ್ನು ನಿರ್ಧರಿಸುವುದು ಮಳೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮವೂ ಸೇರಿವೆ. ಮುಂಗಾರಿನಲ್ಲಿ ಬಿತ್ತಿದ ಶೇಂಗಾ ಕೈಗೆ ಹತ್ತಿದರೆ ಸಂಕ್ರಾಂತಿಯ ಆಸುಪಾಸಿನಲ್ಲಿ ನಾಟಕದ ಮಾತು ಕೇಳಿಬರುತ್ತದೆ. ಕೃತಿಯ ಆಯ್ಕೆ, ಪಾತ್ರ ಹಂಚಿಕೆ, ಹಾರ್ಮೋನಿಯಂ ಮೇಷ್ಟ್ರಿಗೆ ವೀಳ್ಯ, ಬಳಿಕ ಎರಡು ಮೂರು ತಿಂಗಳು ರಾತ್ರಿ ತಾಲೀಮು ನಡೆಯುತ್ತವೆ. ಊರ ಜಾತ್ರೆಗೋ ಯುಗಾದಿ, ಬಸವ ಜಯಂತಿಗೋ ಪ್ರದರ್ಶನ. ಬೆಳೆ ಕೈಕೊಟ್ಟ ವರ್ಷ ಇದಾವುದೂ ಇಲ್ಲ.

ಈ ಇಡೀ ವ್ಯವಸ್ಥೆಯ ಬೆನ್ನೆಲುಬು ಹಾರ್ಮೋನಿಯಂ ಮೇಷ್ಟ್ರು. ಅವರೇ ನಿರ್ದೇಶಕರು, ಅವರೇ ಸಂಗೀತ ಗುರುಗಳು. ಅಕ್ಷರ ಬಾರದವನಿಗೂ ಮಟ್ಟು ಕಲಿಸಿ ರಂಗಕ್ಕೆ ತರುವವರು ಅವರೇ. ಅವರ ನಂತರ, ಸ್ತ್ರೀಪಾತ್ರಗಳಿಗಾಗಿ ಪರಊರಿನಿಂದ ಬರುವ ವೃತ್ತಿ ಕಲಾವಿದೆಯರು. ಒಂದು ಋತುವಿನಲ್ಲಿ ಎಷ್ಟು ಊರುಗಳ ನಾಟಕ ಒಪ್ಪಿಕೊಳ್ಳುತ್ತಾರೋ ಅದರ ಮೇಲೆ ಇವರ ವರ್ಷದ ಸಂಸಾರ ನಿಂತಿದೆ. ಇಷ್ಟಾದರೂ ಇವರೊಡನೆ ಆಗುವುದು ಬಾಯಿಮಾತಿನ ಒಪ್ಪಂದ ಮಾತ್ರ.

ಒಂದು ಮಾದರಿ ಲೆಕ್ಕ

ಉದಾಹರಣೆಗೆ ಒಂದು ಮಂಡಳಿಯ ಒಟ್ಟು ಖರ್ಚು ₹3,00,000 ಎಂದು ಭಾವಿಸೋಣ. ಮೇಷ್ಟ್ರು ಮತ್ತು ವಾದ್ಯದವರಿಗೆ ₹60,000; ಕಲಾವಿದೆಯರಿಗೆ ₹60,000; ಸೀನರಿ, ವೇಷಭೂಷಣ ಮತ್ತು ಬಣ್ಣಕ್ಕೆ ₹90,000; ಷಾಮಿಯಾನ, ಧ್ವನಿವರ್ಧಕ, ದೀಪಗಳಿಗೆ ₹50,000; ಊಟ, ಕರಪತ್ರ ಇತ್ಯಾದಿಗೆ ₹40,000. ಆದಾಯದ ಕಡೆ, 20 ಪಾತ್ರಧಾರಿಗಳಿಂದ ತಲಾ ₹8,000ದಂತೆ ₹1,60,000. ದೇಣಿಗೆ ಮತ್ತು ಜಾಹೀರಾತಿನಿಂದ ₹90,000. ಪ್ರದರ್ಶನದ ರಾತ್ರಿ ಅಭಿಮಾನಿಗಳು ನಟರ ಎದೆಗೆ ಸಿಕ್ಕಿಸುವ ನೋಟುಗಳಿಂದ ₹50,000. ಕಾಗದದ ಮೇಲೆ ಜಮಾ-ಖರ್ಚು ಸರಿಹೊಂದಿತು.

ಆ ರಾತ್ರಿ ನೋಟಿನ ಬಾಬ್ತು ₹20,000 ಮಾತ್ರ ಬಂದು, ಹೇಳಿದ ದೇಣಿಗೆಯಲ್ಲಿ ₹10,000 ಬಾಕಿ ಉಳಿದರೆ ಕೊರತೆ ₹40,000. ಸೀನರಿಯವರು ಹಣ ಎಣಿಸಿಕೊಳ್ಳದೆ ಪರದೆ ಕಟ್ಟುವುದಿಲ್ಲ. ಷಾಮಿಯಾನದವರು ಮುಂಗಡವಿಲ್ಲದೆ ಕಂಬ ನೆಡುವುದಿಲ್ಲ. ತಡೆದುಕೊಳ್ಳಬಲ್ಲವರು ಇಬ್ಬರೇ: ಮೇಷ್ಟ್ರು ಮತ್ತು ಮಂಡಳಿಯ ಮುಖಂಡ. ಒಬ್ಬರ ಸಂಭಾವನೆ ಮುಂದಿನ ಸುಗ್ಗಿಗೆ ಹೋಗುತ್ತದೆ, ಇನ್ನೊಬ್ಬರು ಕೈಸಾಲ ಮಾಡುತ್ತಾರೆ. ಮರುವರ್ಷ ಇಬ್ಬರೂ ಹಿಂಜರಿದರೆ ಆ ಊರಿನ ನಾಟಕ ನಿಂತಂತೆಯೇ. ಹಳ್ಳಿಯ ರಂಗ ಕುಂದಲು ದೂರದರ್ಶನ ಮತ್ತು ಮೊಬೈಲ್ ಕಾರಣವೆನ್ನುತ್ತೇವೆ; ತೀರದ ಬಾಕಿಯೂ ಒಂದು ಕಾರಣವೆಂಬುದನ್ನು ಮರೆಯುತ್ತೇವೆ.

ಆದ್ದರಿಂದ ಪಾಲಿಸಬೇಕಾದ ನಿಯಮಗಳು ನಾಲ್ಕು. ರಂಗದ ಮೇಲಿನ ನೋಟನ್ನು ಆಯವ್ಯಯದಲ್ಲಿ ಆದಾಯವೆಂದು ಹಿಡಿಯಬಾರದು. ಮೇಷ್ಟ್ರು ಮತ್ತು ಕಲಾವಿದೆಯರಿಗೆ ಮೊತ್ತ, ದಿನಾಂಕ ಮತ್ತು ಪ್ರದರ್ಶನ ರದ್ದಾದರೆ ಕೊಡುವ ಪರಿಹಾರವನ್ನು ಬರೆದ ಒಂದು ಪುಟದ ಪತ್ರ ಕೊಡಬೇಕು. ತಾಲೀಮಿನ ಭಾಗದ ಹಣವನ್ನು ತಿಂಗಳು ತಿಂಗಳು ಚುಕ್ತಾ ಮಾಡಬೇಕು. ಪ್ರದರ್ಶನವಾದ ಹದಿನೈದು ದಿನಗಳೊಳಗೆ ಜಮಾ-ಖರ್ಚನ್ನು ಊರ ಮುಂದೆ ಓದಬೇಕು.

ಕಾನೂನಿನ ಅನುಕೂಲಗಳು

ಏಳು ಜನ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಮಂಡಳಿಯನ್ನು ನೋಂದಾಯಿಸಬಹುದು. ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಸಿ, ಪರಿಶೋಧಿತ ಲೆಕ್ಕಪತ್ರ ಸಲ್ಲಿಸಬೇಕು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೂ ಈ ಕಡತವೇ ಆಧಾರ.

ಸರಕು ಮತ್ತು ಸೇವಾ ತೆರಿಗೆಯ ಭಯ ಅನಗತ್ಯ. ನಾಟಕದ ಪ್ರವೇಶ ದರ ತಲಾ ₹500 ಮೀರದಿದ್ದರೆ ತೆರಿಗೆಯಿಲ್ಲ. ಜಾನಪದ ಅಥವಾ ಶಾಸ್ತ್ರೀಯ ಪ್ರಕಾರದ ಸಂಗೀತ, ನೃತ್ಯ, ರಂಗ ಪ್ರದರ್ಶನಕ್ಕೆ ಕಲಾವಿದರು ಪಡೆಯುವ ಸಂಭಾವನೆಗೂ ₹1,50,000ವರೆಗೆ ವಿನಾಯಿತಿಯಿದೆ. ದೇಣಿಗೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಆದಾಯ ತೆರಿಗೆ ಇಲಾಖೆಯ ಅನುಮೋದನೆಯಿಲ್ಲದ ಮಂಡಳಿಗೆ ಕೊಟ್ಟ ದೇಣಿಗೆಗೆ ಕಡಿತ ಸಿಗದು. ಅನುಮೋದನೆಯಿದ್ದರೂ ₹2,000 ಮೀರಿದ ನಗದಿಗೆ ಸಿಗದು. ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವವರಿಗೂ ಸಿಗದು. ಅಂಗಡಿಯ ಹೆಸರು ಕರಪತ್ರದಲ್ಲಿ, ಪರದೆಯ ಮೇಲೆ ಬರುವಂತೆ ಜಾಹೀರಾತು ಕೊಟ್ಟು ಬಿಲ್ ಪಡೆದರೆ ಅದು ವ್ಯಾಪಾರದ ಖರ್ಚಾಗುತ್ತದೆ. ಒಂದೇ ದಿನ ಒಬ್ಬರಿಗೆ ₹10,000 ಮೀರಿ ನಗದು ಕೊಟ್ಟರೆ ಆ ಖರ್ಚನ್ನು ಒಪ್ಪುವುದಿಲ್ಲವಾದ್ದರಿಂದ ಬ್ಯಾಂಕಿನ ಮೂಲಕವೇ ಕೊಡುವುದು ಕ್ಷೇಮ.

ನೆರೆಯ ಪಾಠ

ನಮ್ಮ ಜಿಲ್ಲೆಯದೇ ಆದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಮಾರ್ಗದರ್ಶನದಲ್ಲಿ 1997ರಲ್ಲಿ ಆರಂಭವಾದ ‘ಶಿವಸಂಚಾರ’ ತಂಡ ಮೂರು ಮೂರು ನಾಟಕಗಳನ್ನು ಸಿದ್ಧಪಡಿಸಿ, ನವೆಂಬರಿನ ನಾಟಕೋತ್ಸವದ ಬಳಿಕ ನಾಡು ಸುತ್ತುವ ಕ್ರಮವನ್ನು ರೂಢಿಸಿತು. ಅದಕ್ಕೂ ಮೊದಲು, ಸಾಗರ ತಾಲ್ಲೂಕಿನ ಹೆಗ್ಗೋಡೆಂಬ ಅಡಿಕೆ ಬೆಳೆಗಾರರ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, 1985ರಲ್ಲಿ ‘ತಿರುಗಾಟ’ ಆರಂಭಿಸಿತ್ತು. ಇವೆರಡೂ ಹಳ್ಳಿಗಳೇ. ಮೊದಲೇ ಗೊತ್ತಾದ ವೇಳಾಪಟ್ಟಿ, ಕಲಾವಿದರಿಗೆ ಗೊತ್ತಾದ ಸಂಬಳ, ಆತಿಥೇಯರಿಗೆ ಗೊತ್ತಾದ ಹೊಣೆ ಇದ್ದರೆ ಹಳ್ಳಿಯೂ ಋತುವನ್ನು ನಡೆಸಬಲ್ಲದು. ನಮ್ಮ ಮಂಡಳಿಗಳು ಅಷ್ಟು ದೊಡ್ಡದಾಗಬೇಕಿಲ್ಲ. ನಾಲ್ಕಾರು ಊರುಗಳು ದಿನಾಂಕಗಳನ್ನು ಹೊಂದಿಸಿಕೊಂಡು ಒಂದೇ ಸೀನರಿ, ಒಂದೇ ಧ್ವನಿವರ್ಧಕವನ್ನು ಸತತವಾಗಿ ಗೊತ್ತುಮಾಡಿದರೂ ಸಾಗಣೆಯ ಖರ್ಚು ಇಳಿಯುತ್ತದೆ.

ಸದಸ್ಯರಲ್ಲಿ ವಿನಂತಿ

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿದವರಿಗೆ ಅವರವರ ದುಡಿಮೆಗೆ ತಕ್ಕಷ್ಟೇ ಕೂಲಿ ಸಲ್ಲಿಸಿದರೆಂಬ ಐತಿಹ್ಯ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಅದೇ ರಥೋತ್ಸವದಲ್ಲಿ ಮುಕ್ತಿಬಾವುಟದ ಹರಾಜು ಸಾವಿರಾರು ಜನರ ಎದುರು ಕೂಗಿ ನಡೆಯುತ್ತದೆ. ದುಡಿದವರಿಗೆ ದುಡಿದಷ್ಟು ಕೊಡುವುದು, ಹಣದ ಮಾತನ್ನು ಬಹಿರಂಗವಾಗಿ ಆಡುವುದು ನಮಗೆ ಹೊರಗಿನಿಂದ ಬಂದ ಪಾಠಗಳಲ್ಲ.

ಬರುವ ಸುಗ್ಗಿಯಲ್ಲಿ ರಸೀದಿ ಪುಸ್ತಕ ಹಿಡಿದು ಬಂದವರನ್ನು ಸದಸ್ಯರು ಬರಿಗೈಯಲ್ಲಿ ಕಳುಹಿಸಬಾರದು. ಕೊಡುವ ಮುನ್ನ ಎರಡು ಪ್ರಶ್ನೆ ಕೇಳಬೇಕು: ಕಳೆದ ಸಲದ ಲೆಕ್ಕ ಓದಿದಿರಾ? ಮೇಷ್ಟ್ರ ಬಾಕಿ ತೀರಿಸಿದಿರಾ? ತೀರಿಸಿಲ್ಲವೆಂದರೆ ನಮ್ಮ ದೇಣಿಗೆಯ ಮೊದಲ ಭಾಗ ಅದಕ್ಕೇ ಸಲ್ಲಲಿ. ಲೆಕ್ಕ ಬರೆಯಲು ಬಾರದವರಿಗೆ ನಮ್ಮ ಗುಮಾಸ್ತರು ಒಂದು ಸಂಜೆ ಕುಳಿತು ನಗದು ಪುಸ್ತಕದ ಕ್ರಮ ತಿಳಿಸಿಕೊಟ್ಟರೆ, ಅದೂ ದೇಣಿಗೆಯೇ.