ದಿನಕ್ಕೆ 20 ರೂಪಾಯಿ ದಂಡಕ್ಕೆ ಯಾರು ಹೆದರ್ತಾರೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು: ದಾವಣಗೆರೆ ಜಿಲ್ಲೆಯ ಯಾವ ತಾಲೂಕಿನಲ್ಲಿ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೂ 15 ಅಂಕಿಯ ಸಕಾಲ ಸಂಖ್ಯೆ ಸಿಗಬೇಕು. 2011ರ ಕಾಯ್ದೆ ಕೊಟ್ಟ ಹಕ್ಕು ಇದು. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ತಪ್ಪಿತಸ್ಥರ ಸಂಬಳದಿಂದಲೇ ವಸೂಲಿ.

ಲೆಕ್ಕ ಹಾಕಿ. 25 ದಿನಕ್ಕೇ ದಂಡ ಮುಗೀತು. ಆಮೇಲೆ ಕಡತ ಎಷ್ಟು ದಿನ ಮಲಗಿದರೂ ಯಾರ ಜೇಬಿಗೂ ಬಿಸಿ ತಟ್ಟಲ್ಲ. ನಿಮ್ಮ ಸ್ಕಾಲರ್‌ಶಿಪ್ ಗಡುವು ಮಾತ್ರ ಕಾಯಲ್ಲ. ಪರಿಹಾರವೂ ತಾನಾಗಿ ಬರಲ್ಲ, ಮೇಲ್ಮನವಿ ಹಾಕಬೇಕು. ಇನ್ನೊಂದು ಕಿಂಡಿ: ಗಡುವಿನೊಳಗೆ ಕಾರಣ ಬರೆದು ಅರ್ಜಿ ತಿರಸ್ಕರಿಸಿದರೆ ತಡವೇ ಆಗಿಲ್ಲ ಎಂದರ್ಥ.

ದಂಡದ ಮಿತಿ ಏರಲಿ, ಪರಿಹಾರ ನೇರ ಖಾತೆಗೆ ಬೀಳಲಿ, ತಿರಸ್ಕಾರದ ಕಾರಣಗಳ ತಪಾಸಣೆ ನಡೆಯಲಿ. ಹಾಗಂತ ಖಾಲಿ ಹುದ್ದೆ ತುಂಬದೆ ಇರೋ ಗುಮಾಸ್ತರ ಸಂಬಳ ಕತ್ತರಿಸೋದು ಸುಧಾರಣೆಯಲ್ಲ. ಅಲ್ಲಿವರೆಗೆ, ಸಕಾಲ ಸಂಖ್ಯೆ ಪಡೆಯದೆ ಕೌಂಟರ್ ಬಿಡಬೇಡಿ.