ಜಗತ್ತಿನಲ್ಲಿ ಉಳಿದಿರುವುದು ಇವೆರಡೇ!

ಆಫ್ರಿಕಾ ಸಫಾರಿ ಎಂದಕೂಡಲೇ ಮಸಾಯಿ ಮಾರಾದ ಸಿಂಹಗಳು, ನದಿ ದಾಟುವ ವಿಲ್ಡೆಬೀಸ್ಟ್ ಹಿಂಡು ಕಣ್ಣ ಮುಂದೆ ಬರುತ್ತವೆ. ಬರ್ಲಿನ್‌ನಲ್ಲಿ ನೆಲೆಸಿರುವ ನಾವು ಮೂರು ಕನ್ನಡ ಕುಟುಂಬಗಳು ಈ ಸಲ ಕೀನ್ಯಾಕ್ಕೆ ಹೊರಟಾಗ ಹಾಕಿಕೊಂಡ ಲೆಕ್ಕ ಬೇರೆ. ಎಲ್ಲರೂ ತೆಗೆಯುವ ಫೋಟೊ ಬೇಡ, ಅಪರೂಪದ ಪ್ರಾಣಿಗಳನ್ನೇ ಹುಡುಕೋಣ ಎಂದು ಓಲ್ ಪೆಜೆಟಾ ಸಂರಕ್ಷಣಾ ಪ್ರದೇಶವನ್ನು ಆರಿಸಿಕೊಂಡೆವು.

ನೈರೋಬಿಯಿಂದ ಉತ್ತರಕ್ಕೆ ಸುಮಾರು 200 ಕಿ.ಮೀ. ದೂರ, ನನ್ಯುಕಿ ಪಟ್ಟಣದ ಪಕ್ಕದಲ್ಲಿದೆ ಈ 90 ಸಾವಿರ ಎಕರೆ ಹುಲ್ಲುಗಾವಲು. ಭೂಮಧ್ಯರೇಖೆ ಹಾದುಹೋಗುವ ಜಾಗವಾದರೂ ಎತ್ತರದ ಪ್ರದೇಶವಾದ್ದರಿಂದ ಬೆಳಗಿನ ಜಾವ ಸ್ವೆಟರ್ ಬೇಕೇ ಬೇಕು. ಮೋಡ ಸರಿದರೆ ಹಿನ್ನೆಲೆಗೆ ಮೌಂಟ್ ಕೀನ್ಯಾ ಶಿಖರ.

ಪೊದೆಯೊಳಗಿನ ಕಣ್ಣಾಮುಚ್ಚಾಲೆ

ಮೊದಲು ಸಿಕ್ಕಿದ್ದು ಗ್ರೇವಿ ಜೀಬ್ರಾ. ಸಾಮಾನ್ಯ ಜೀಬ್ರಾಕ್ಕಿಂತ ದೊಡ್ಡ ಮೈ, ಒತ್ತೊತ್ತಾದ ಸಣ್ಣ ಪಟ್ಟೆಗಳು, ಅಗಲವಾದ ದುಂಡು ಕಿವಿ, ಪಟ್ಟೆಯಿಲ್ಲದ ಬಿಳಿ ಹೊಟ್ಟೆ. ಕಾಡಿನಲ್ಲಿ ಉಳಿದಿರುವುದು ಸುಮಾರು 3,000 ಮಾತ್ರ, ಅದರಲ್ಲೂ ಹೆಚ್ಚಿನವು ಉತ್ತರ ಕೀನ್ಯಾದಲ್ಲೇ.

ಕಪ್ಪು ಘೇಂಡಾಮೃಗ ಮಾತ್ರ ನಮ್ಮನ್ನು ಚೆನ್ನಾಗಿ ಸತಾಯಿಸಿತು. ಇದು ಹುಲ್ಲು ಮೇಯುವುದಿಲ್ಲ. ಚೂಪಾದ ಮೇಲ್ದುಟಿಯಿಂದ ಮುಳ್ಳುಗಿಡದ ಚಿಗುರು ತಿನ್ನುತ್ತದೆ. ಹಾಗಾಗಿ ಸದಾ ಪೊದೆಯೊಳಗೆ. ಎರಡು ದಿನ ನಮಗೆ ಸಿಕ್ಕಿದ್ದು ಬರೀ ಬೆನ್ನು ಮತ್ತು ಕಿವಿ. ಮೂರನೆಯ ದಿನ ನಸುಕಿನಲ್ಲಿ ಚಾಲಕ ಇಂಜಿನ್ ಆಫ್ ಮಾಡಿ ‘ಪೋಲೆ ಪೋಲೆ’ (ನಿಧಾನ, ನಿಧಾನ) ಎಂದು ಪಿಸುಗುಟ್ಟಿದ. ಗಾಡಿಯಲ್ಲಿ ಒಬ್ಬರು ಅಲುಗಿದರೂ ಫೋಟೊ ಮಸುಕಾಗುತ್ತದೆ. ಕಿಟಕಿಯ ಮೇಲೆ ಕಾಳು ತುಂಬಿದ ಬಟ್ಟೆ ಚೀಲ ಇಟ್ಟು, ಅದರ ಮೇಲೆ ಲೆನ್ಸ್ ಊರಿ, ಉಸಿರು ಬಿಗಿಹಿಡಿದು ಕುಳಿತೆವು. ತಾಯಿಯೂ ಮರಿಯೂ ಬಯಲಿಗೆ ಬಂದು ನಿಂತದ್ದು ಒಂದೇ ನಿಮಿಷ. 1970ರ ಸುಮಾರಿಗೆ ಆಫ್ರಿಕಾದಲ್ಲಿ 65 ಸಾವಿರದಷ್ಟಿದ್ದ ಇವು ಕೊಂಬಿನ ಆಸೆಗೆ ಬಲಿಯಾಗಿ 1990ರ ದಶಕದ ಮಧ್ಯದಲ್ಲಿ 2,500ಕ್ಕಿಂತ ಕೆಳಗಿಳಿದಿದ್ದವು. ಈಗ 6,000 ದಾಟಿವೆ. ಕಾವಲಿದ್ದರೆ ಉಳಿಯುತ್ತವೆ ಎಂಬುದಕ್ಕೆ ಆ ಮರಿಯೇ ಸಾಕ್ಷಿ.

ತಾಯಿ ಮತ್ತು ಮಗಳು

ವಿಚಿತ್ರವೆಂದರೆ, ಜಗತ್ತಿನಲ್ಲೇ ಅತಿ ಅಪರೂಪದ ಪ್ರಾಣಿಯ ಫೋಟೊ ತೆಗೆಯಲು ನಾವು ಏನೂ ಕಷ್ಟಪಡಲಿಲ್ಲ. ಉತ್ತರದ ಬಿಳಿ ಘೇಂಡಾಮೃಗಗಳಲ್ಲಿ ಇಂದು ಬದುಕಿರುವುದು ಎರಡೇ: 1989ರಲ್ಲಿ ಹುಟ್ಟಿದ ನಾಜಿನ್ ಮತ್ತು 2000ದಲ್ಲಿ ಹುಟ್ಟಿದ ಅವಳ ಮಗಳು ಫಾತು. 2009ರ ಡಿಸೆಂಬರ್‌ನಲ್ಲಿ ಜೆಕ್ ಗಣರಾಜ್ಯದ ಮೃಗಾಲಯವೊಂದರಿಂದ ಎರಡು ಗಂಡು, ಎರಡು ಹೆಣ್ಣು ಇಲ್ಲಿಗೆ ಬಂದಿದ್ದವು. ಸುನಿ 2014ರಲ್ಲಿ ತೀರಿಕೊಂಡ. ಕೊನೆಯ ಗಂಡು, ನಾಜಿನ್‌ಳ ತಂದೆ ಸೂಡಾನ್, 2018ರ ಮಾರ್ಚ್ 19ರಂದು ಹೋದ.

ಪ್ರತ್ಯೇಕ ಶುಲ್ಕ ಕಟ್ಟಿದರೆ ಸಿಬ್ಬಂದಿಯೇ ಬೇಲಿಯೊಳಗೆ ಕರೆದೊಯ್ಯುತ್ತಾರೆ. ಹಗಲೂ ರಾತ್ರಿ ಬಂದೂಕಿನ ಕಾವಲು. ಎರಡೂ ತಮ್ಮ ಪಾಡಿಗೆ ಹುಲ್ಲು ಮೇಯುತ್ತಿದ್ದವು. ಉದ್ದ ಲೆನ್ಸ್ ಬೇಕಾಗಲೇ ಇಲ್ಲ, ಮೊಬೈಲ್ ಸಾಕಾಯಿತು. ಕಬಿನಿಯ ಸಫಾರಿಯಲ್ಲಿ ಹುಲಿಯ ಬಾಲ ಕಂಡರೂ ಕುಣಿಯುತ್ತಿದ್ದ ನಮ್ಮ ಗುಂಪು ಇಲ್ಲಿ ಮಾತಿಲ್ಲದೆ ನಿಂತಿತು. ಕ್ಯಾಮೆರಾದ ಪರದೆ ನೋಡಿದ ನಮ್ಮ ಮಗಳು, ‘ಅಪ್ಪಾ, ಇದರಲ್ಲಿ ಇವು ಕೊನೇದು ಅಂತ ಗೊತ್ತೇ ಆಗಲ್ಲ ಅಲ್ವಾ?’ ಎಂದಳು. ನಿಜ. ಫೋಟೊದಲ್ಲಿ ಇರುವುದು ಹುಲ್ಲು ಮೇಯುವ ಎರಡು ಘೇಂಡಾಮೃಗ, ಅಷ್ಟೇ. ಅದರ ಕೆಳಗೆ ಬರೆಯದಿದ್ದರೆ ಅದು ಸಾಮಾನ್ಯ ಚಿತ್ರ. ಅದಕ್ಕೇ ಈ ಬರಹ.

ಹೋಗುವವರಿಗೆ ಎರಡು ಮಾತು

ಘೇಂಡಾಮೃಗದ ಫೋಟೊ ಹಾಕುವ ಮುನ್ನ ಮೊಬೈಲಿನಲ್ಲಿ ಸ್ಥಳದ ಮಾಹಿತಿ ಆಫ್ ಮಾಡಿ. ನಿಮ್ಮ ಚಿತ್ರವೇ ಬೇಟೆಗಾರನಿಗೆ ದಾರಿ ತೋರಿಸಬಾರದು. ಧೂಳಿನಿಂದ ಕ್ಯಾಮೆರಾ ಕಾಪಾಡಲು ಬಟ್ಟೆಯ ಚೀಲ ಒಯ್ಯಿರಿ. ಪ್ಲಾಸ್ಟಿಕ್ ಕೈಚೀಲಕ್ಕೆ ಕೀನ್ಯಾದಲ್ಲಿ 2017ರಿಂದ ನಿಷೇಧವಿದೆ.

ಬರ್ಲಿನ್‌ಗೂ ಈ ತಾಯಿ-ಮಗಳಿಗೂ ನಂಟಿದೆ. ಇಲ್ಲಿನ ಲೈಬ್ನಿಟ್ಸ್ ಸಂಸ್ಥೆಯ ನೇತೃತ್ವದಲ್ಲಿ ವಿಜ್ಞಾನಿಗಳು ಫಾತುವಿನ ಅಂಡಾಣು ಮತ್ತು ಸತ್ತ ಗಂಡುಗಳಿಂದ ಮೊದಲೇ ಶೇಖರಿಸಿಟ್ಟ ವೀರ್ಯದಿಂದ 30ಕ್ಕೂ ಹೆಚ್ಚು ಭ್ರೂಣಗಳನ್ನು ರೂಪಿಸಿದ್ದಾರೆ. ಅವು ಬರ್ಲಿನ್ ಮತ್ತು ಇಟಲಿಯ ಕ್ರೆಮೋನಾದಲ್ಲಿ ದ್ರವ ಸಾರಜನಕದಲ್ಲಿವೆ. ದಕ್ಷಿಣದ ಬಿಳಿ ಘೇಂಡಾಮೃಗದ ಭ್ರೂಣವೊಂದು ಬಾಡಿಗೆ ತಾಯಿಯಲ್ಲಿ ನೆಲೆಯೂರಿದ ಸುದ್ದಿ 2024ರ ಜನವರಿಯಲ್ಲಿ ಬಂತು. ಆ ತಾಯಿ ಸೋಂಕಿನಿಂದ ಸತ್ತರೂ ದಾರಿಯಿದೆ ಎಂಬುದು ಖಚಿತವಾಯಿತು. ಇನ್ನು ಉತ್ತರದ ಮರಿ ಹುಟ್ಟಬೇಕು. ಫಾತು ಇರುವಾಗಲೇ ಹುಟ್ಟಿದರೆ ಘೇಂಡಾಮೃಗವಾಗಿ ಬಾಳುವುದನ್ನು ಕಲಿಸಲು ಅದಕ್ಕೆ ತನ್ನವರೊಬ್ಬರು ಇರುತ್ತಾರೆ.